ಪ್ರವೇಶ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಮಕ್ಕಳು: ಮನೆಯವರು ಏನು ಮಾಡಬೇಕು?

ಮೊಬೈಲ್ ಒಯ್ದೋ ಚೀಟಿ ಇಟ್ಟುಕೊಂಡೋ ಮಗ ಪ್ರವೇಶ ಪರೀಕ್ಷೆಯಲ್ಲಿ ಸಿಕ್ಕಿಬಿದ್ದನೆಂಬ ಸುದ್ದಿ ಬಂದರೆ 'ಮನೆತನದ ಮಾನ ಕಳೆದೆ' ಎನ್ನುವ ಮೊದಲು ಸ್ವಲ್ಪ ತಡೆಯಿರಿ. ಆ ಹೊತ್ತಿನಲ್ಲಿ ಶಿಕ್ಷೆಗಿಂತ ಅವಮಾನವೇ ಹೆಚ್ಚು ಅಪಾಯಕಾರಿ.

ಶಿಕ್ಷೆ ಇದೆ, ನಿಜ. ಜೆಇಇ ಮೇನ್ ನಿಯಮಗಳಂತೆ ಅಕ್ರಮ ಎಸಗಿದವರನ್ನು 3 ವರ್ಷ ಪರೀಕ್ಷೆಯಿಂದ ಹೊರಗಿಡಬಹುದು. ಪ್ರಶ್ನೆಪತ್ರಿಕೆ ಸೋರಿಕೆ ಮಾಡುವವರಿಗೆ 2024ರ ಕೇಂದ್ರ ಕಾಯಿದೆಯಲ್ಲಿ 3ರಿಂದ 5 ವರ್ಷ ಸೆರೆವಾಸವಿದೆ. ಅಭ್ಯರ್ಥಿಗಳ ವಿಚಾರವನ್ನು ಆ ಕಾಯಿದೆ ಪರೀಕ್ಷಾ ಸಂಸ್ಥೆಯ ನಿಯಮಗಳಿಗೇ ಬಿಟ್ಟಿದೆ. ನಿಷೇಧದ ಅವಧಿ ಒಂದು ದಿನ ಮುಗಿಯುತ್ತದೆ. ಬೇರೆ ಪದವಿಗಳ ಬಾಗಿಲೂ ತೆರೆದಿರುತ್ತದೆ. ಇದನ್ನು ಮಗನಿಗೆ ಬಿಡಿಸಿ ಹೇಳಿ.

ನಿದ್ದೆ ಬಾರದಿರುವುದು, ಊಟ ಬಿಡುವುದು, ಕೋಣೆಯ ಬಾಗಿಲು ಹಾಕಿಕೊಳ್ಳುವುದು, 'ನಾನಿದ್ದೇನು ಪ್ರಯೋಜನ' ಎನ್ನುವುದು ಎಚ್ಚರಿಕೆಯ ಲಕ್ಷಣಗಳು. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೇಳಿಕೊಂಡರೆ ಭಾರ ಇಳಿಯುತ್ತದೆ.

ಕೊಡಗಿನವರು ಇನ್ನೊಂದು ಕೆಲಸ ಮಾಡಲೇಬೇಕು. ನಮ್ಮ ಅನೇಕ ಮನೆಗಳಲ್ಲಿ ಕೋವಿ ಇರುತ್ತದೆ, ತೋಟದ ಔಷಧಿಯೂ ಇರುತ್ತದೆ. ಎರಡನ್ನೂ ಅಂದೇ ಬೀಗ ಹಾಕಿಡಿ. ಕೀಲಿಕೈ ಹಿರಿಯರ ಬಳಿ ಇರಲಿ. ಮಗನನ್ನು ಒಂಟಿಯಾಗಿ ಬಿಡಬೇಡಿ.

ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಡಿಕೇರಿಯ ಸರ್ಕಾರಿ ಬೋಧಕ ಆಸ್ಪತ್ರೆಯಲ್ಲಿ ಮನೋವೈದ್ಯರನ್ನೂ ಕಾಣಬಹುದು.

ತಪ್ಪು ತಪ್ಪೇ. ಆದರೆ ಬುದ್ಧಿಮಾತಿಗೆ ಮುಂದೆ ಸಮಯವಿದೆ. ಮೊದಲು ಮಗ ಉಂಡು ಮಲಗಲಿ.