ಮಾಲ್ಡೀವ್ಸ್ ದ್ವೀಪಗಳಿಗೆ ಹೊರಡುವ ಮುನ್ನ

ನಮ್ಮ ತಂದೆಯವರು ಪ್ರೌಢಶಾಲೆಯಲ್ಲಿ ಭೂಗೋಳದ ಉಪಾಧ್ಯಾಯರಾಗಿದ್ದರು. ಹವಳದ ದ್ವೀಪಗಳ ಪಾಠ ಬಂದಾಗ ಕರಿಹಲಗೆಯ ಮೇಲೆ ನೀಲಿ ಸೀಮೆಸುಣ್ಣದಿಂದ ಸಮುದ್ರವನ್ನು ತುಂಬಿ, ನಡುವೆ ಬಿಳಿಯ ಬಳೆಯೊಂದನ್ನು ಬರೆದು, ಇದಕ್ಕೆ ಅಟಾಲ್ ಎಂದು ಹೆಸರು, ಮಾಲ್ಡೀವ್ಸ್ ಜನರ ದಿವೇಹಿ ಭಾಷೆಯಿಂದ ಲೋಕಕ್ಕೆಲ್ಲ ಹಬ್ಬಿದ ಮಾತು ಇದೊಂದು ಎಂದು ಹೇಳುತ್ತಿದ್ದರು. ಸಮುದ್ರದಲ್ಲಿ ಬೆಂಕಿಯ ಬೆಟ್ಟವೊಂದು ಮೆಲ್ಲಮೆಲ್ಲನೆ ಕುಸಿಯುತ್ತ ಹೋಗುವುದು. ಅದರ ಸುತ್ತ ಕಟ್ಟಿದ ಹವಳವು ಮೇಲಕ್ಕೆ ಬೆಳೆಯುತ್ತ ಬರುವುದು. ಕಡೆಗೆ ಬೆಟ್ಟ ಮುಳುಗಿ ಬಳೆ ಮಾತ್ರ ಉಳಿಯುವುದು. ಡಾರ್ವಿನ್ ಪಂಡಿತನು 1842ರಲ್ಲಿ ಪ್ರಕಟಿಸಿದ ಈ ವಿವರಣೆಯನ್ನು ಅವರು ಕಥೆಯಂತೆ ಹೇಳುವರು. ಬಳೆಯನ್ನು ಮಾತ್ರ ಅವರು ಕಣ್ಣಾರೆ ಕಂಡವರಲ್ಲ. ಮೈಸೂರಿನಿಂದ ಅವರು ಹೋದ ದೂರವೆಂದರೆ ಕನ್ಯಾಕುಮಾರಿ.

ಅವರು ತೀರಿಕೊಂಡ ಎರಡು ವರ್ಷಕ್ಕೆ, ಎಪ್ಪತ್ತಾರು ತುಂಬಿದ ನಮ್ಮ ಅಮ್ಮ ಒಂದು ಸಂಜೆ ಹೂವು ಕಟ್ಟುತ್ತ, “ನಿಮ್ಮ ತಂದೆ ಬರೀತಿದ್ದ ಆ ಬಳೆ ನಿಜವಾಗಿ ಹಾಗೇ ಇರುತ್ತೇನಪ್ಪ? ಒಂದು ಸಲ ನೋಡಬೇಕು” ಎಂದರು. ಯಾವುದನ್ನೂ ಬೇಕೆಂದು ಕೇಳದ ಹೆಂಗಸು ಕೇಳಿದ ಮೇಲೆ ಇಲ್ಲವೆನ್ನುವುದು ಹೇಗೆ? ನನ್ನ ನಿವೃತ್ತಿಯ ಹಣದಲ್ಲಿ ಒಂದು ಪಾಲನ್ನು ಇದಕ್ಕೆಂದು ತೆಗೆದಿಟ್ಟೆ. ಆಮೇಲೆ ನಡೆದ ಸಿದ್ಧತೆ ಪ್ರಯಾಣಕ್ಕಿಂತಲೂ ದೊಡ್ಡದಾಯಿತು. ಅದರ ವಿವರವು ಸಮುದ್ರವಿಲ್ಲದ ಊರುಗಳಲ್ಲಿರುವ ಗೃಹಸ್ಥರಿಗೆ ಉಪಯೋಗಕ್ಕೆ ಬಂದೀತೆಂದು ಇಲ್ಲಿ ಬರೆದಿದ್ದೇನೆ.

ಮೊದಲು ಆ ದೇಶದ ಬಗೆಯನ್ನು ತಿಳಿಯಬೇಕು. ಹೆಚ್ಚು ಕಡಮೆ 1,200 ದ್ವೀಪಗಳು 26 ಅಟಾಲುಗಳಲ್ಲಿ ಚೆಲ್ಲಿಕೊಂಡಿವೆ. ಜನರು ಊರು ಕಟ್ಟಿಕೊಂಡು ವಾಸಿಸುವುದು ಇನ್ನೂರಕ್ಕೂ ಕಡಮೆ ದ್ವೀಪಗಳಲ್ಲಿ. 1972ರಲ್ಲಿ ಕುರುಂಬಾ ಎಂಬ ಮೊದಲನೆಯ ರೆಸಾರ್ಟು ತೆರೆಯಿತು. ಆ ಮಾತಿಗೆ ಎಳನೀರೆಂದು ಅರ್ಥ. ಅಂದಿನಿಂದ ಜನವಸತಿಯಿಲ್ಲದ ಒಂದೊಂದು ದ್ವೀಪವನ್ನು ಒಂದೊಂದು ರೆಸಾರ್ಟಿಗೆ ಗೇಣಿಗೆ ಕೊಡುವ ಪದ್ಧತಿ ಬೆಳೆದುಬಂದಿದೆ. ಈ ಪದ್ಧತಿಯ ಸೊಗಸೂ ತೊಡಕೂ ಒಂದೇ. ಅಲ್ಲಿ ನಿಮ್ಮ ರೆಸಾರ್ಟಿನವರಲ್ಲದೆ ಮತ್ತಾರೂ ಇಲ್ಲ. ಊಟ ರುಚಿಸದಿದ್ದರೆ ಎದುರಿನ ಹೋಟೆಲಿಗೆ ಹೋಗೋಣವೆಂದರೆ ಎದುರಿಗಿರುವುದು ಸಮುದ್ರ. ತಲೆನೋವಿನ ಗುಳಿಗೆ ಬೇಕೆಂದರೂ ಅವರ ಅಂಗಡಿಯೊಂದೇ, ಅವರು ಹೇಳಿದ್ದೇ ಬೆಲೆ. ಆದುದರಿಂದ ಮರೆತುದನ್ನು ಅಲ್ಲಿ ಕೊಂಡುಕೊಳ್ಳೋಣವೆಂಬ ನಮ್ಮ ವಾಡಿಕೆಯ ಧೈರ್ಯವು ಇಲ್ಲಿ ನಡೆಯುವುದಿಲ್ಲ.

ನನ್ನ ತಮ್ಮನ ಸಂಸಾರ ನಮಗಿಂತ ಮೂರು ವರ್ಷ ಮೊದಲೇ ಹೋಗಿಬಂದಿತ್ತು. ಅವನು ಊರಿನಿಂದ ಲೆಕ್ಕ ಹಾಕಿದ: ಯಾವ ದಿನ ರಜೆ, ಯಾವ ವಿಮಾನ ಅಗ್ಗ, ಎಷ್ಟು ಹೊತ್ತಿಗೆ ಮನೆ ಬಿಟ್ಟರೆ ಸುಖ ಎಂದು. ಅಗ್ಗದ ವಿಮಾನವು ಸಂಜೆ ಐದು ಗಂಟೆಗೆ ಮಾಲೆಯಲ್ಲಿ ಇಳಿಸಿತು. ಅಲ್ಲಿಂದ ರೆಸಾರ್ಟಿಗೆ ಹೋಗುವ ಜಲವಿಮಾನಗಳು ಹಗಲಿನ ಬೆಳಕಿನಲ್ಲಿ ಮಾತ್ರ ಹಾರುವುವು. ನೀರಿನ ಮೇಲೆ ಕಣ್ಣಳತೆಯಿಂದ ಇಳಿಯಬೇಕಾದ ಯಂತ್ರಕ್ಕೆ ಕತ್ತಲೆಯಲ್ಲಿ ಕೆಲಸವಿಲ್ಲ. ಅಂದಿನ ಕಡೆಯ ಜಲವಿಮಾನ ಹೊರಟುಹೋಗಿತ್ತು. ಮಕ್ಕಳನ್ನು ಕಟ್ಟಿಕೊಂಡು ಮಾಲೆಯ ಹತ್ತಿರದ ವಸತಿಗೃಹವೊಂದರಲ್ಲಿ ರಾತ್ರಿ ಕಳೆದು, ಆ ಕೊಠಡಿಗೂ ಹಣ ತೆತ್ತು, ತಾನು ಮಲಗದ ರೆಸಾರ್ಟಿನ ಹಾಸಿಗೆಗೂ ಪೂರ್ಣ ಹಣ ತೆತ್ತು ಬಂದ. ಅಗ್ಗದ ಟಿಕೆಟಿನಿಂದ ಉಳಿದದ್ದರ ಹತ್ತರಷ್ಟು ಅಲ್ಲಿ ಹೋಯಿತೆಂದು ಅವನ ಹೆಂಡತಿ ಇಂದಿಗೂ ಹೇಳುವುದುಂಟು. ನಾವು ಕೇಳದಿದ್ದರೂ ಹೇಳುವುದುಂಟು.

ಈ ಪ್ರಯಾಣದ ಲೆಕ್ಕವನ್ನು ತುದಿಯಿಂದ ಹಿಂದಕ್ಕೆ ಹಾಕಬೇಕು. ಜಲವಿಮಾನ ಸಿಕ್ಕಬೇಕಾದರೆ ಸಾಮಾನ್ಯವಾಗಿ ಮಧ್ಯಾಹ್ನ ಮೂರೂವರೆಯೊಳಗೆ ಮಾಲೆಯಲ್ಲಿ ಇಳಿದಿರಬೇಕು. ವಿಮಾನ ತಡವಾಗುವುದೂ ಉಂಟಾದುದರಿಂದ ಒಂದು ಗಂಟೆಗೇ ಇಳಿಯುವುದು ಕ್ಷೇಮ. ಬೆಂಗಳೂರಿನಿಂದ ನೇರ ವಿಮಾನವಾದರೆ ಸುಮಾರು ಎರಡು ಗಂಟೆಯ ಹಾದಿ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಹಿಂದೆ. ಹೊರಡುವುದಕ್ಕೆ ಮೂರು ಗಂಟೆ ಮೊದಲು ವಿಮಾನನಿಲ್ದಾಣದಲ್ಲಿರಬೇಕು. ಮೈಸೂರಿನಿಂದ ನಿಲ್ದಾಣಕ್ಕೆ ಬೆಂಗಳೂರನ್ನು ದಾಟಿಕೊಂಡು ನಾಲ್ಕೈದು ಗಂಟೆ. ಹೀಗೆ ಹಿಂದಕ್ಕೆ ಎಣಿಸುತ್ತ ಬಂದರೆ ನಾವು ಬೆಳಗಿನ ಜಾವ ಮೂರೂವರೆ ನಾಲ್ಕೂವರೆ ಗಂಟೆಗೆ ಮನೆ ಬಿಡಬೇಕಾಗಿತ್ತು. ಎಪ್ಪತ್ತಾರರ ಮುದುಕಿಯನ್ನು ಹಾಗೆ ಎಬ್ಬಿಸಿಕೊಂಡು ಹೋಗುವುದು ಬೇಡವೆಂದು ಹಿಂದಿನ ದಿನವೇ ಹೊರಟು ಬೆಂಗಳೂರಿನಲ್ಲಿ ಮಗಳ ಮನೆಯಲ್ಲಿ ಇಳಿದುಕೊಂಡೆವು. ಹಿಂದಿರುಗುವಾಗಲೂ ಇದೇ ನ್ಯಾಯ: ಬೆಳಗಾಗದೆ ಜಲವಿಮಾನ ಏಳುವುದಿಲ್ಲವಾದ್ದರಿಂದ, ಮುಂಜಾನೆಯ ವಿಮಾನಕ್ಕೆ ಟಿಕೆಟು ತೆಗೆದವನು ಹಿಂದಿನ ದಿನವೇ ದ್ವೀಪವನ್ನು ಬಿಡಬೇಕಾಗುವುದು.

ಮಾಲೆಗೆ ಹತ್ತಿರದ ರೆಸಾರ್ಟುಗಳಿಗೆ ಮೋಟಾರು ದೋಣಿಗಳಿವೆ. ಅವು ರಾತ್ರಿಯೂ ನಡೆಯುವುವು, ವೆಚ್ಚವೂ ಕಡಮೆ. ಜಲವಿಮಾನಕ್ಕಾದರೋ ಹೋಗಿಬರಲು ತಲೆಗೆ ನಾಲ್ಕು ನೂರರಿಂದ ಏಳು ನೂರು ಡಾಲರು ತೆರುವುದು ಸಾಮಾನ್ಯ. “ಅಪ್ಪಾ, ದೋಣಿಯ ರೆಸಾರ್ಟೇ ಸಾಕು, ಅರ್ಧ ಹಣ ಉಳಿಯುತ್ತೆ” ಎಂದು ಮಗಳು ಹೇಳಿದಳು. ಮಾತು ಸರಿಯಾದುದೇ, ಕೇವಲ ವಿಶ್ರಾಂತಿಗೆ ಹೋಗುವವರಿಗೆ ನಾನೂ ಅದನ್ನೇ ಹೇಳುವೆನು. ಆದರೆ ದೋಣಿಯಲ್ಲಿ ಕುಳಿತವರಿಗೆ ಬಳೆ ಕಾಣುವುದಿಲ್ಲ. ಅದು ಮೇಲಿನಿಂದ ಕಾಣಬೇಕಾದ ವಸ್ತು. ಅಮ್ಮ ಕೇಳಿದ್ದು ಬಳೆಯನ್ನು.

ಇನ್ನು ಹಣದ ಮಾತು. ರೆಸಾರ್ಟಿನವರು ತೋರಿಸುವ ದರದ ಪಕ್ಕದಲ್ಲಿ ಎರಡು ಕೂಡಿಸುವ ಗುರುತುಗಳಿದ್ದರೆ ಕಣ್ಣು ಬಿಟ್ಟು ನೋಡಬೇಕು. ಒಂದು ಗುರುತು ನೂರಕ್ಕೆ ಹತ್ತರಂತೆ ಸೇವಾಶುಲ್ಕ. ಇನ್ನೊಂದು ಸರಕಾರದ ತೆರಿಗೆ. ಈ ತೆರಿಗೆಯು 2025ರ ಜುಲೈಯಿಂದ ನೂರಕ್ಕೆ ಹದಿನೇಳಾಗಿದೆ. ಅದನ್ನು ಸೇವಾಶುಲ್ಕ ಸೇರಿಸಿದ ಮೊತ್ತದ ಮೇಲೆ ಹಾಕುವರು. ಇದಲ್ಲದೆ ಹಸಿರು ತೆರಿಗೆಯೆಂದು, ರೆಸಾರ್ಟುಗಳಲ್ಲಿ 2025ರ ಜನವರಿಯಿಂದ ತಲೆಗೆ ದಿನಕ್ಕೆ 12 ಡಾಲರು. ಇಬ್ಬರ ಕೊಠಡಿಗೆ ರಾತ್ರಿಗೆ 500 ಡಾಲರೆಂದು ಬರೆದಿದ್ದರೆ, ಸೇವಾಶುಲ್ಕ ಸೇರಿ 550, ತೆರಿಗೆ ಸೇರಿ 643½, ಹಸಿರು ತೆರಿಗೆ ಸೇರಿ 667½ ಆಗುವುದು. ನಾಲ್ಕು ರಾತ್ರಿಗೆ ಎರಡು ಸಾವಿರವೆಂದುಕೊಂಡು ಹೊರಟವನು 2,670 ಡಾಲರು ತೆತ್ತು ಬರುವನು. ಜಲವಿಮಾನದ ಬಾಡಿಗೆ ಬೇರೆ. ಎಲ್ಲವೂ ಸೇರಿ ಒಟ್ಟು ಎಷ್ಟೆಂದು ಬರವಣಿಗೆಯಲ್ಲಿ ಕೇಳಿ ತರಿಸಿಕೊಳ್ಳದೆ ಒಂದು ಕಾಸನ್ನೂ ಕಟ್ಟಬಾರದು. ನಮ್ಮಲ್ಲಿಯ ಪ್ರವಾಸದ ಸಂಸ್ಥೆಗಳ ಮೂಲಕ ಹೊರದೇಶದ ಪ್ರವಾಸಕ್ಕೆ ಹಣ ಕಟ್ಟಿದರೆ ಆದಾಯ ತೆರಿಗೆಯ ಲೆಕ್ಕಕ್ಕೆ ಒಂದು ಭಾಗವನ್ನು ಮುಂಗಡವಾಗಿ ಹಿಡಿಯುವರು. ಅದರ ರಸೀದಿಯನ್ನು ಇಟ್ಟುಕೊಂಡು ವರ್ಷದ ಲೆಕ್ಕಪತ್ರದಲ್ಲಿ ಹೊಂದಿಸಿಕೊಳ್ಳಬಹುದು.

ಊಟದ ಏರ್ಪಾಡಿನಲ್ಲಿಯೂ ಒಂದು ಮೋಸವಿದೆ. ಮೋಸವೆನ್ನುವುದಕ್ಕಿಂತ ನಮ್ಮಂತಹವರಿಗೆ ಒಪ್ಪದ ಲೆಕ್ಕವೆನ್ನೋಣ. ಬೆಳಗಿನ ಉಪಾಹಾರ ಮಾತ್ರ, ಎರಡು ಹೊತ್ತಿನ ಊಟ, ಮೂರು ಹೊತ್ತಿನ ಊಟ, ಸರ್ವವೂ ಸೇರಿದ್ದು ಎಂದು ನಾಲ್ಕು ಬಗೆ. ಸರ್ವವೂ ಸೇರಿದ್ದು ಎಂಬಲ್ಲಿ ಸೇರಿರುವ ಸರ್ವದಲ್ಲಿ ಹೆಚ್ಚಿನ ಬೆಲೆ ಮದ್ಯದ್ದು. ಅದನ್ನು ಮುಟ್ಟದ ಮನೆತನದವರು ಅಷ್ಟು ಹಣ ಕೊಡುವುದೆಂದರೆ ಪಕ್ಕದ ಮೇಜಿನವನ ಬಟ್ಟಲಿಗೆ ತಾವು ತೆತ್ತಂತೆ. ನಾವು ಮೂರು ಹೊತ್ತಿನ ಊಟದ ಏರ್ಪಾಡನ್ನು ಆರಿಸಿಕೊಂಡೆವು. ಆದರೆ ಕುಡಿಯುವ ನೀರು, ಕಾಫಿ ಅದರಲ್ಲಿ ಸೇರಿವೆಯೇ ಎಂದು ಮೊದಲೇ ಕೇಳಿದೆವು. ಸಸ್ಯಾಹಾರಿಗಳೆಂಬುದನ್ನು ಮುಂಚಿತವಾಗಿ ಬರೆದು ತಿಳಿಸುವುದು ಅತ್ಯಗತ್ಯ. ಅದು ಮೀನಿನ ದೇಶ. ಒಣಗಿಸಿದ ಸೂರೆ ಮೀನನ್ನು ನಾವು ಒಗ್ಗರಣೆಗೆ ಇಂಗು ಹಾಕಿದಂತೆ ತರಕಾರಿಗೂ ಹಾಕುವರು. ಬರೆದು ತಿಳಿಸಿದ್ದರ ಫಲವಾಗಿ ಅಮ್ಮನಿಗೆ ದಿನವೂ ರಾತ್ರಿ ಮೊಸರನ್ನ ಸಿಕ್ಕಿತು.

ಚಿತ್ರಪಟಗಳಲ್ಲಿ ಎಲ್ಲರೂ ಕಾಣುವುದು ನೀರಿನ ಮೇಲೆ ಕಂಬಗಳನ್ನು ನೆಟ್ಟು ಕಟ್ಟಿದ ಮನೆಗಳನ್ನು. ದರವೂ ಅವಕ್ಕೇ ಹೆಚ್ಚು. ಅವು ಎಳೆಯ ದಂಪತಿಗಳಿಗೆ ಚೆಂದ. ವೃದ್ಧರಿಗೂ ಮಕ್ಕಳಿಗೂ ಅಲ್ಲ. ಜಗಲಿಯ ಅಂಚಿನಿಂದ ಮೆಟ್ಟಿಲು ನೇರವಾಗಿ ಸಮುದ್ರಕ್ಕೆ ಇಳಿಯುವುದು. ಊಟದ ಮನೆಗೆ ಉದ್ದನೆಯ ಹಲಗೆಯ ಸೇತುವೆಯ ಮೇಲೆ ಬಿಸಿಲಿನಲ್ಲಿ ನಡೆಯಬೇಕು. ನಾವು ಮರಳ ದಂಡೆಯ ಮೇಲಿನ ಮನೆಯನ್ನು ಕೇಳಿದೆವು. ಅದರಲ್ಲಿಯೂ ಸೂರ್ಯಾಸ್ತದ ಕಡೆಗೆ ಮುಖವಿದ್ದ ಮನೆಗೆ ಹೆಚ್ಚು ಬೆಲೆ, ಸೂರ್ಯೋದಯದ ಕಡೆಗೆ ಕಡಮೆ. ಜಗತ್ತಿನ ಸಿರಿವಂತರು ತಡವಾಗಿ ಏಳುವರೆಂಬುದು ನಮಗೆ ಲಾಭವಾಯಿತು.

ಈ ಸೂರ್ಯೋದಯದ ಮಾತಿಗೆ ಇನ್ನೊಂದು ಕಾರಣವಿತ್ತು. ಅಮ್ಮ ಎಲ್ಲಿಗೆ ಹೋದರೂ ಅಂಗೈಯಗಲದ ಬೆಳ್ಳಿಯ ಅಂಬೆಗಾಲು ಕೃಷ್ಣನನ್ನು ಸೆರಗಿನ ಚೀಲದಲ್ಲಿ ಒಯ್ಯುವವರು. ಕೃಷ್ಣನಿಗೆ ನೀರೆರೆಯದೆ ಕಾಫಿಯನ್ನೂ ಮುಟ್ಟುವುದಿಲ್ಲ. ಆ ದೇಶದ ಸುಂಕದ ಕಾನೂನು ಮದ್ಯ ಮತ್ತು ಹಂದಿಯ ಮಾಂಸಗಳೊಡನೆ ಪೂಜೆಯ ವಿಗ್ರಹಗಳನ್ನೂ ಒಳಕ್ಕೆ ತರಗೊಡಿಸುವುದಿಲ್ಲ. ಆ ನಾಡಿನ ಧರ್ಮ ಇಸ್ಲಾಂ, ಕಾನೂನು ಅವರದು. ಅತಿಥಿಯಾಗಿ ಹೋಗುವವನು ತಿಳಿದುಕೊಂಡು ನಡೆಯತಕ್ಕದ್ದು. ನಾನು ಇದನ್ನು ಅಮ್ಮನಿಗೆ ಹೇಳಲು ನಾಲ್ಕು ದಿನ ಹಿಂದುಮುಂದು ನೋಡಿದೆ. ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. “ಹಾಗಾದರೆ ನೀವಿಬ್ಬರೇ ಹೋಗಿಬನ್ನಿ” ಎಂದರು. ಪ್ರಯಾಣವೇ ಅಲ್ಲಿಗೆ ನಿಂತಿತೆಂದು ನಾನು ತಿಳಿದೆ. ಮಾರನೆಯ ಬೆಳಗ್ಗೆ ನನ್ನ ಹೆಂಡತಿ, “ಅತ್ತೆ, ಮಾಘಮಾಸದಲ್ಲಿ ಹೋಗೋಣ. ಬೆಳಗಾಗೆದ್ದು ಸೂರ್ಯನಿಗೆ ಅರ್ಘ್ಯ ಕೊಡುವಿರಂತೆ. ಸೂರ್ಯನಾರಾಯಣನನ್ನು ಯಾವ ಸುಂಕದ ಕಟ್ಟೆಯವರು ತಡೆದಾರು?” ಎಂದಳು. ಕೃಷ್ಣನು ಆರು ದಿನ ಪಕ್ಕದ ಮನೆಯ ದೇವರ ಗೂಡಿನಲ್ಲಿರುವುದೆಂದು ಗೊತ್ತಾಯಿತು. ಮಾಘಸ್ನಾನಕ್ಕೆ ಇಷ್ಟು ದೂರವೇ ಎಂದು ಆ ಮನೆಯವರು ನಕ್ಕರು.

ಮಾಘವು ಹವೆಯ ದೃಷ್ಟಿಯಿಂದಲೂ ಒಳ್ಳೆಯದಾಯಿತು. ಡಿಸೆಂಬರಿನಿಂದ ಏಪ್ರಿಲಿನವರೆಗೆ ಅವರ ಇರುವೈ, ಎಂದರೆ ಈಶಾನ್ಯದ ಗಾಳಿಯ ಕಾಲ. ಮಳೆ ಕಡಮೆ, ನೀರು ತಿಳಿ. ಮೇ ತಿಂಗಳಿಂದ ಹುಳಂಗು, ನಮ್ಮ ಮುಂಗಾರಿನ ಗಾಳಿಯೇ. ಆಗ ದರವೂ ಇಳಿಯುವುದು. ಕ್ರಿಸ್ಮಸ್ಸಿನಿಂದ ಹೊಸ ವರ್ಷದವರೆಗಿನ ದರಗಳನ್ನು ಓದದಿರುವುದೇ ಆರೋಗ್ಯಕ್ಕೆ ಹಿತ.

ಉಳಿದವು ಚಿಕ್ಕ ಸಂಗತಿಗಳು. ಮುಂಚಿತವಾಗಿ ವೀಸಾ ಬೇಕಿಲ್ಲ. ಇಳಿದಲ್ಲಿ ಮುದ್ರೆ ಹಾಕುವರು. ಆದರೆ ಇಮುಗಾ ಎಂಬ ವಿವರಪತ್ರವನ್ನು ಅಂತರ್ಜಾಲದಲ್ಲಿ ತೊಂಬತ್ತಾರು ಗಂಟೆಗಳ ಒಳಗೆ ತುಂಬಬೇಕು, ಬರುವಾಗಲೂ ಹಾಗೆಯೇ. ಅದಕ್ಕೆ ಶುಲ್ಕವಿಲ್ಲ, ಶುಲ್ಕ ಕೇಳುವ ತಾಣ ಸರಕಾರದ್ದಲ್ಲವೆಂದು ತಿಳಿಯಿರಿ. ಜಲವಿಮಾನದಲ್ಲಿ ಸಾಮಾನ್ಯವಾಗಿ ಇಪ್ಪತ್ತು ಕಿಲೋ ಸಾಮಾನು, ಕೈಚೀಲ ಐದು ಕಿಲೋ. ನಮ್ಮ ಮನೆಯಲ್ಲಿ ಹಳೆಯ ಪತ್ರಿಕೆಗಳನ್ನು ತೂಗುವ ಕೊಕ್ಕೆಯ ತಕ್ಕಡಿಗೆ ಪೆಟ್ಟಿಗೆಯನ್ನು ಮೂರು ಸಲ ನೇತುಹಾಕಿದೆವು. ಮೊದಲ ಸಲ ಹೊರಬಿದ್ದದ್ದು ಉಪ್ಪಿನಕಾಯಿಯ ಶೀಸೆ. ಅಮ್ಮನ ಔಷಧಿಗಳು, ವೈದ್ಯರ ಚೀಟಿಯೊಡನೆ, ಕೈಚೀಲದಲ್ಲಿಯೇ ಉಳಿದುವು. ಕೊಠಡಿಯನ್ನು ಗೊತ್ತುಮಾಡುವಾಗ, ಬಿಟ್ಟುಬಿಟ್ಟರೆ ಹಣ ಹಿಂದಿರುಗುವ ದರವನ್ನೇ ಆರಿಸಿ, ಅದಕ್ಕಾಗಿ ಹೆಚ್ಚು ತೆತ್ತೆವು. ಆ ವಯಸ್ಸಿನವರ ಜ್ವರ ನಮ್ಮ ಟಿಕೆಟಿನ ತಾರೀಖನ್ನು ನೋಡಿ ಬರುವುದಿಲ್ಲ.

ಮಾಲೆಯಲ್ಲಿ ಇಳಿದ ಮೇಲೆ ಜಲವಿಮಾನಕ್ಕೆ ಎರಡು ಗಂಟೆ ಕಾದೆವು. ಅದರ ವೇಳೆ ರೈಲಿನಂತೆ ತಿಂಗಳ ಮೊದಲೇ ಗೊತ್ತಾಗುವಂತಹದಲ್ಲ, ಯಾವ ಯಾವ ದ್ವೀಪಕ್ಕೆ ಎಷ್ಟೆಷ್ಟು ಜನರೆಂದು ನೋಡಿ ಹೊಂದಿಸುವರು. ತೇಲುವ ಕಟ್ಟೆಯಿಂದ ಕಿರಿದಾದ ಏಣಿ. ಚಾಲಕರು ಬರಿಗಾಲಿನಲ್ಲಿದ್ದರು, ಅದನ್ನು ಕಂಡು ಅಮ್ಮ ತಾವೂ ಚಪ್ಪಲಿ ಬಿಡಬೇಕೇನೋ ಎಂದು ಬಗ್ಗಿದರು. ಸೇವಕನೊಬ್ಬ ಮುಂದಿನಿಂದ ಕೈಹಿಡಿದ, ನಾನು ಹಿಂದಿನಿಂದ. ಕಿಟಕಿಯ ಪಕ್ಕದಲ್ಲಿ ಕೂರಿಸಿ, ಸದ್ದಿಗೆಂದು ಕಿವಿಗೆ ಹತ್ತಿಯನ್ನಿಟ್ಟೆವು.

ಯಂತ್ರ ನೀರನ್ನು ಸೀಳಿಕೊಂಡು ಎದ್ದಿತು. ಐದು ನಿಮಿಷಗಳ ಮೇಲೆ ಕೆಳಗೆ ಕಡುನೀಲಿಯ ನಡುವೆ ತಿಳಿಹಸಿರು ಬಣ್ಣದ ವೃತ್ತವೊಂದು ಬಂದಿತು. ಅದರ ಅಂಚಿಗೆ ಬಿಳಿಯ ನೊರೆ, ಕೈಯಲ್ಲಿ ಬರೆದ ಗೆರೆಯಂತೆ, ಒಂದು ಕಡೆ ತುಸು ಮುರಿದಿತ್ತು. ಅಮ್ಮ ಗಾಜಿಗೆ ಹಣೆಯನ್ನು ಆನಿಸಿಕೊಂಡರು. ಆ ಸದ್ದಿನಲ್ಲಿ ಅವರು ಆಡಿದ್ದು ನನಗೆ ಕೇಳಿಸಲಿಲ್ಲ. ಅವರ ತೋರುಬೆರಳು ಮಾತ್ರ ಗಾಜಿನ ಮೇಲೆ ಮೆಲ್ಲಗೆ ಸುತ್ತು ತಿರುಗುತ್ತಿತ್ತು. ಇಳಿದ ಮೇಲೆ ಕಿವಿಯ ಹತ್ತಿಯನ್ನು ತೆಗೆಯುತ್ತ, “ಒಂದು ಕಡೆ ಬಾಯಿ ಬಿಟ್ಟಿರುತ್ತೆ ಅಂತ ಅವರು ಬರೀತಿದ್ದರು. ಹುಡುಗರು ಅದನ್ನ ಅಳಿಸಿಹೋಗಿದೆ ಅಂದುಕೊಂಡು ಮುಚ್ಚಿಬಿಡೋರು” ಎಂದರು.