ಪಾರ್ಸೆಲ್ ಬರಲಿಲ್ಲ, ಕ್ಯಾಲೆಂಡರ್ ನೋಡಿದಿರಾ?

ಆನ್‌ಲೈನ್‌ನಲ್ಲಿ ಸಾಮಾನು ತರಿಸುವುದು ಹೇಗೆ ಎಂದು ಬ್ರಿಟನ್ನಿನಲ್ಲಿ ಹುಟ್ಟಿ ಬೆಳೆದ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ನನಗೇ ಅದನ್ನು ಕಲಿಸಿದ್ದು ನನ್ನ ಮಗಳು. ಆದರೆ ತರಿಸಿದ್ದು ಮನೆಗೆ ಬಾರದೇ ಹೋದರೆ? ನಮ್ಮ ಶನಿವಾರದ ಕನ್ನಡ ತರಗತಿಯ ದೊಡ್ಡ ಮಕ್ಕಳನ್ನು ಕೇಳಿದೆ. ಹೆಚ್ಚಿನವರ ಉತ್ತರ ಒಂದೇ: "ಬಿಡಿ ಆಂಟಿ, 20 ಪೌಂಡ್ ತಾನೇ." 20 ಪೌಂಡ್ ಅಂದರೆ ಕೆಫೆಯಲ್ಲಿ ಎರಡು ಗಂಟೆ ನಿಂತು ದುಡಿದ ದುಡ್ಡು. ಬಿಡುವುದು ಯಾಕೆ?

ನಾನು ಬಿಡುವ ಹಾಗೂ ಇರಲಿಲ್ಲ. ಎರಡು ವರ್ಷದ ಹಿಂದೆ ದೀಪಾವಳಿಗೆ ನೆಂಟರು ಬರುತ್ತಾರೆಂದು ದೋಸೆಹಿಟ್ಟು ರುಬ್ಬುವ ಗ್ರೈಂಡರ್ ಒಂದನ್ನು ಮಾರ್ಕೆಟ್‌ಪ್ಲೇಸ್ ತಾಣವೊಂದರಲ್ಲಿ 165 ಪೌಂಡ್ ಕೊಟ್ಟು ತರಿಸಿದೆ. ಸೆಪ್ಟೆಂಬರ್ 20ರೊಳಗೆ ಬರಬೇಕಿತ್ತು. ಬರಲಿಲ್ಲ. ಮಾರಾಟಗಾರನಿಗೆ ಬರೆದೆ. ಎಷ್ಟು ವಿನಯದ ಉತ್ತರ ಅಂತೀರಿ! ಕಸ್ಟಮ್ಸ್‌ನಲ್ಲಿ ನಿಂತಿದೆ ಮೇಡಂ, ಇನ್ನು ಹತ್ತು ದಿನ. ಹತ್ತು ದಿನ ಕಳೆದ ಮೇಲೆ, ಗೋದಾಮಿನಲ್ಲಿ ಒಬ್ಬರಿಗೆ ಹುಷಾರಿಲ್ಲ, ಇನ್ನೊಂದು ವಾರ. ಪಾಪ, ಅವರಿಗೂ ಕಷ್ಟ ಇರುತ್ತದೆ ಎಂದು ಕಾದೆ. ಅಕ್ಟೋಬರ್ 24ಕ್ಕೆ ಯೂನಿವರ್ಸಿಟಿಯಿಂದ ಮನೆಗೆ ಬಂದ ಮಗಳು ಕೇಳಿದಳು, "ಅಮ್ಮಾ, ಕ್ಲೇಮ್ ಹಾಕೋಕೆ ಕೊನೆ ದಿನ ಯಾವಾಗ ಅಂತ ನೋಡಿದ್ಯಾ?" ನೋಡಿರಲಿಲ್ಲ. ಆ ತಾಣದ ಗ್ಯಾರಂಟಿ ಇದ್ದದ್ದು ಸಾಮಾನು ಬರಬೇಕಿದ್ದ ದಿನದಿಂದ 30 ದಿನ ಮಾತ್ರ. ನಾಲ್ಕು ದಿನದ ಹಿಂದೆ ಮುಗಿದುಹೋಗಿತ್ತು. ಮಾರಾಟಗಾರನ ವಿನಯವೂ ಅಲ್ಲಿಗೇ ಮುಗಿಯಿತು. ಆಮೇಲೆ ಒಂದು ಸಾಲಿನ ಉತ್ತರವೂ ಇಲ್ಲ.

ಆದ್ದರಿಂದ ಮೊದಲು ತಾರೀಖಿನ ಮಾತು. ಈ ದೇಶದ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ ಪ್ರಕಾರ, ಬೇರೆ ಮಾತಾಗಿರದಿದ್ದರೆ ವ್ಯಾಪಾರಿ 30 ದಿನದೊಳಗೆ ಸಾಮಾನು ತಲುಪಿಸಬೇಕು. ತಲುಪದಿದ್ದರೆ ನೀವು ಇನ್ನೊಂದು ನ್ಯಾಯವಾದ ಗಡುವು ಕೊಡಬೇಕು. ಆಗಲೂ ಬರದಿದ್ದರೆ ಒಪ್ಪಂದ ಮುರಿದು ಪೂರ್ತಿ ಹಣ ವಾಪಸು ಕೇಳಬಹುದು. ಇಂಥ ದಿನಕ್ಕೇ ಬೇಕು, ಮದುವೆ ಇದೆ, ಎಂದು ಕೊಳ್ಳುವಾಗಲೇ ತಿಳಿಸಿದ್ದರೆ ಎರಡನೆಯ ಗಡುವಿನ ಅಗತ್ಯವೂ ಇಲ್ಲ. ಗಮನಿಸಿ, ಗಡುವು ಕೊಡಬೇಕಾದವರು ನೀವು. ನಾನು ಮಾಡಿದ ತಪ್ಪು ಅದೇ. ಗಡುವನ್ನು ಅವನೇ ಕೊಡುತ್ತಾ ಹೋದ, ನಾನು ಆಗಲಿ ಅನ್ನುತ್ತಾ ಹೋದೆ.

ಬರೆಯುವುದು ಕಷ್ಟವೇನಲ್ಲ. "ಇಂಥ ದಿನ ಇಷ್ಟು ಹಣ ಕೊಟ್ಟಿದ್ದೇನೆ, ಸಾಮಾನು ಬಂದಿಲ್ಲ. ಇಂಥ ತಾರೀಖಿನೊಳಗೆ ತಲುಪಿಸಿ. ಇಲ್ಲದಿದ್ದರೆ ಒಪ್ಪಂದ ಮುಗಿಯಿತೆಂದು ಪರಿಗಣಿಸಿ ಪೂರ್ತಿ ಹಣ ವಾಪಸು ಪಡೆಯುತ್ತೇನೆ." ಇಷ್ಟು ಸಾಕು. ಅದನ್ನು ತಾಣದೊಳಗಿನ ಮೆಸೇಜ್‌ನಲ್ಲೇ ಬರೆಯಿರಿ. ವಾಟ್ಸ್ಯಾಪ್‌ಗೆ ಬನ್ನಿ, ಅಲ್ಲಿ ಮಾತಾಡೋಣ ಎಂದು ಕರೆದರೆ ಹೋಗಬೇಡಿ. ತಾಣದೊಳಗೆ ಬರೆದದ್ದು ತಾಣದವರ ಕಣ್ಣಿಗೆ ಬೀಳುತ್ತದೆ, ನಾಳೆ ಅದೇ ನಿಮ್ಮ ಸಾಕ್ಷಿ.

ಇನ್ನು ಕೊರಿಯರ್. ಟ್ರ್ಯಾಕಿಂಗ್‌ನಲ್ಲಿ ಡೆಲಿವರಿ ಆಗಿದೆ ಅಂತ ಇರುತ್ತದೆ, ಫೋಟೋದಲ್ಲಿ ಯಾರದೋ ಹಸಿರು ಬಾಗಿಲು. ಮಾರಾಟಗಾರ ಕೊರಿಯರ್‌ನವರನ್ನು ಕೇಳಿ ಅನ್ನುತ್ತಾನೆ, ಕೊರಿಯರ್‌ನವರು ಕಳಿಸಿದವರೇ ಕೇಳಬೇಕು ಅನ್ನುತ್ತಾರೆ. ನೀವು ಮಧ್ಯೆ ಚೆಂಡಾಗಬೇಡಿ. ಸಾಮಾನು ನಿಮ್ಮ ಕೈಗೆ, ಅಥವಾ ನೀವು ಹೇಳಿದವರ ಕೈಗೆ ಸೇರುವವರೆಗೂ ಅದರ ಹೊಣೆ ವ್ಯಾಪಾರಿಯದು ಎಂದು ಅದೇ ಕಾಯ್ದೆ ಹೇಳುತ್ತದೆ. ಆದರೆ "ಪಕ್ಕದ ಮನೆಯಲ್ಲಿ ಕೊಡಿ" ಅಂತಲೋ "ಕಸದ ಡಬ್ಬಿಯ ಹಿಂದೆ ಇಡಿ" ಅಂತಲೋ ನೀವೇ ಆರಿಸಿದ್ದರೆ, ಅಲ್ಲಿ ಇಟ್ಟ ಮೇಲೆ ಕಳೆದರೆ ವಾದ ಮಾಡುವುದು ಕಷ್ಟ. ವಿದ್ಯಾರ್ಥಿ ಹಾಸ್ಟೆಲ್‌ನಲ್ಲಿ ಇರುವವರು ಈ ಆಯ್ಕೆಯನ್ನು ಯೋಚಿಸಿ ಮಾಡಿ.

ಇಷ್ಟೆಲ್ಲ ಅನ್ವಯಿಸುವುದು ವ್ಯಾಪಾರಿಗೆ. ಹಳೆಯ ಫೋನನ್ನೋ ಸೈಕಲನ್ನೋ ಮಾರುವ ಸಾಮಾನ್ಯ ವ್ಯಕ್ತಿಗೆ ಆ 30 ದಿನದ ನಿಯಮ ಇಲ್ಲ. ಅಲ್ಲಿ ನಿಮ್ಮನ್ನು ಕಾಯುವುದು ನೀವು ಹಣ ಕೊಟ್ಟ ದಾರಿ.

ಆ ದಾರಿಗಳಲ್ಲಿ ಮೊದಲನೆಯದು ತಾಣದ್ದೇ ಗ್ಯಾರಂಟಿ. ಇಬೇಯಲ್ಲಿ ಬರಬೇಕಿದ್ದ ಕೊನೆಯ ದಿನದಿಂದ 30 ದಿನ. ಪೇಪಾಲ್‌ನಲ್ಲಿ ಹಣ ಕೊಟ್ಟ ದಿನದಿಂದ 180 ದಿನ. ತಕರಾರು ತೆರೆದ ಮೇಲೆ 20 ದಿನದೊಳಗೆ ಅದನ್ನು ಕ್ಲೇಮ್ ಆಗಿ ಮೇಲಕ್ಕೆ ಕಳಿಸದಿದ್ದರೆ ತಾನಾಗಿ ಮುಚ್ಚಿಹೋಗುತ್ತದೆ, ಇದನ್ನು ಬಹಳ ಜನ ಮರೆಯುತ್ತಾರೆ. ಎರಡನೆಯದು ಕಾರ್ಡ್. ಡೆಬಿಟ್ ಆಗಲಿ ಕ್ರೆಡಿಟ್ ಆಗಲಿ, ಬ್ಯಾಂಕಿಗೆ ಫೋನ್ ಮಾಡಿ "ಚಾರ್ಜ್‌ಬ್ಯಾಕ್" ಎಂಬ ಪದವನ್ನೇ ಹೇಳಿ. ಇದು ಕಾನೂನಲ್ಲ, ವೀಸಾ, ಮಾಸ್ಟರ್‌ಕಾರ್ಡ್‌ಗಳ ನಿಯಮ. ಸಾಮಾನ್ಯವಾಗಿ 120 ದಿನದ ಅವಕಾಶ. ಕ್ರೆಡಿಟ್ ಕಾರ್ಡ್ ಆದರೆ 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಸೆಕ್ಷನ್ ಕೂಡ ಇದೆ: 100 ಪೌಂಡಿಗಿಂತ ಹೆಚ್ಚು, 30,000 ಪೌಂಡ್‌ವರೆಗಿನ ಬೆಲೆಯ ವಸ್ತುವಿಗೆ ಕಾರ್ಡ್ ಕೊಟ್ಟ ಬ್ಯಾಂಕೂ ವ್ಯಾಪಾರಿಯಷ್ಟೇ ಹೊಣೆ. ಹೊರದೇಶದಿಂದ ತರಿಸಿದ್ದಕ್ಕೂ ಇದು ಸಲ್ಲುತ್ತದೆ. ಆದರೆ ಹಣ ಮಾರ್ಕೆಟ್‌ಪ್ಲೇಸ್ ಅಥವಾ ಪೇಪಾಲ್ ಮೂಲಕ ಹಾದುಹೋಗಿದ್ದರೆ ಬ್ಯಾಂಕ್ ತಕರಾರು ತೆಗೆಯಬಹುದು. ಆಗ ಚಾರ್ಜ್‌ಬ್ಯಾಕನ್ನೇ ಹಿಡಿಯಿರಿ.

ನನ್ನ 165 ಪೌಂಡ್ ಬಂದದ್ದೂ ಹಾಗೆಯೇ. ಡೆಬಿಟ್ ಕಾರ್ಡ್ ಆಗಿತ್ತು. ಬ್ಯಾಂಕಿನವರು ಆರ್ಡರ್‌ನ ಸ್ಕ್ರೀನ್‌ಶಾಟ್, ಬರಬೇಕಿದ್ದ ತಾರೀಖು, ನಾನು ಬರೆದ ಮೆಸೇಜ್‌ಗಳನ್ನು ಕೇಳಿದರು. ಡಿಸೆಂಬರ್‌ನಲ್ಲಿ ದುಡ್ಡು ಖಾತೆಗೆ ಬಂತು. ಆ ದೀಪಾವಳಿಯ ದೋಸೆ ಮಾತ್ರ ಮಿಕ್ಸಿಯ ಹಿಟ್ಟಿನದೇ.

ಈಗ ಸ್ವಲ್ಪ ಮುಜುಗರದ ವಿಷಯ. ನಮ್ಮ ಸಮುದಾಯದ ವಾಟ್ಸ್ಯಾಪ್ ಗುಂಪುಗಳಲ್ಲಿ ಸೀರೆ, ಒಡವೆ, ಕಾರ್ಯಕ್ರಮದ ಟಿಕೆಟ್ ಎಲ್ಲ ಮಾರುತ್ತಾರೆ. "ನಾವು ನಮ್ಮವರೇ ಅಲ್ವಾ, ಶುಲ್ಕ ಉಳಿಯುತ್ತೆ, ಪೇಪಾಲ್‌ನಲ್ಲಿ ಫ್ರೆಂಡ್ಸ್ ಅಂಡ್ ಫ್ಯಾಮಿಲಿ ಅಂತ ಹಾಕಿ" ಅನ್ನುತ್ತಾರೆ. ಹಾಗೆ ಹಾಕಿದರೆ ಪೇಪಾಲ್‌ನ ಖರೀದಿ ರಕ್ಷಣೆ ಇಲ್ಲ. ಬ್ಯಾಂಕ್ ವರ್ಗಾವಣೆಗೆ ಚಾರ್ಜ್‌ಬ್ಯಾಕ್ ಇಲ್ಲ. ಅದು ಶುದ್ಧ ಮೋಸವಾಗಿದ್ದರೆ, 2024ರ ಅಕ್ಟೋಬರ್ 7ರ ನಂತರದ ಇಂಗ್ಲಿಷ್‌ ಪೌಂಡಿನ ವರ್ಗಾವಣೆಗಳಿಗೆ ಬ್ಯಾಂಕುಗಳು 85,000 ಪೌಂಡ್‌ವರೆಗೆ ಹಿಂತಿರುಗಿಸಬೇಕೆಂಬ ನಿಯಮ ಬಂದಿದೆ. 13 ತಿಂಗಳೊಳಗೆ ಕೇಳಬೇಕು. ಆದರೆ ಮೊದಲ 100 ಪೌಂಡನ್ನು ಬ್ಯಾಂಕ್ ಹಿಡಿದುಕೊಳ್ಳಬಹುದು, ಅಂದರೆ 60 ಪೌಂಡಿನ ಸೀರೆಗೆ ಏನೂ ಬಾರದೇ ಹೋಗಬಹುದು. ನಿಜವಾದ ಮಾರಾಟಗಾರ ತಡಮಾಡಿದ್ದಷ್ಟೇ ಆದರೆ ಈ ನಿಯಮ ಅನ್ವಯಿಸುವುದೂ ಇಲ್ಲ. ನಮ್ಮವರನ್ನು ನಂಬಬೇಡಿ ಅನ್ನುತ್ತಿಲ್ಲ, ನಾನೂ ಆ ಗುಂಪುಗಳಿಂದ ಕೊಳ್ಳುತ್ತೇನೆ. ಶುಲ್ಕವನ್ನು ನಾನೇ ಕೊಡುತ್ತೇನೆ, ಸರಕಿನ ಖರೀದಿ ಎಂದೇ ಹಾಕುತ್ತೇನೆ ಅಂತ ನಗುತ್ತಲೇ ಹೇಳುತ್ತೇನೆ. ಇದುವರೆಗೆ ಯಾರೂ ಬೇಜಾರು ಮಾಡಿಕೊಂಡಿಲ್ಲ.

ಎಲ್ಲಿಗೆ ಹೋಗಬೇಕೋ ತಿಳಿಯದಿದ್ದರೆ ಸಿಟಿಜನ್ಸ್ ಅಡ್ವೈಸ್‌ನ ಗ್ರಾಹಕ ಸಹಾಯವಾಣಿ ಇದೆ, ಉಚಿತ ಸಲಹೆ. ಕೊನೆಗೆ ಸಣ್ಣ ಮೊತ್ತದ ನ್ಯಾಯಾಲಯ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 10,000 ಪೌಂಡ್‌ವರೆಗೆ. ಎದುರಿನವರ ಹೆಸರು, ವಿಳಾಸ ಸಿಕ್ಕರೆ ಮಾತ್ರ ಅದು ಪ್ರಯೋಜನ.

ನಿಮ್ಮಲ್ಲಿ ಕೆಲವರು ಇಲ್ಲಿಂದಲೇ ಊರಿನ ಅಜ್ಜಿಗೆ ಹುಟ್ಟುಹಬ್ಬದ ಉಡುಗೊರೆ ಕಳಿಸುತ್ತೀರಿ, ಭಾರತದ ತಾಣದಲ್ಲಿ ಆರ್ಡರ್ ಮಾಡಿ. ಅಲ್ಲಿ ತಲುಪದಿದ್ದರೆ ಈ ಕಾಯ್ದೆ ಬಿಟ್ಟು ಆ ದೇಶದ್ದನ್ನು ಹಿಡಿಯಬೇಕು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಪ್ರತಿ ತಾಣಕ್ಕೂ ಒಬ್ಬ ದೂರು ಅಧಿಕಾರಿ ಇರಬೇಕು, ಅವರು 48 ಗಂಟೆಯೊಳಗೆ ದೂರು ಬಂದಿದೆ ಎಂದು ತಿಳಿಸಿ ಒಂದು ತಿಂಗಳೊಳಗೆ ಬಗೆಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಜ್ಜಿಗೆ ಆರ್ಡರ್ ನಂಬರನ್ನು ಮೊದಲೇ ಬರೆದುಕೊಳ್ಳಲು ಹೇಳಿ. ಫೋನ್ ಮಾಡಿ ಜೋರು ಮಾಡುವ ಕೆಲಸ ಅವರಿಗೆ ನಮಗಿಂತ ಚೆನ್ನಾಗಿ ಬರುತ್ತದೆ.