ಎಂಟು ಗ್ರಾಂ ದಾವಣಗೆರೆ

ಸಂಶೋಧನಾ ಪ್ರಬಂಧಗಳ ಮೂರನೇ ಅಧ್ಯಾಯವನ್ನು ಓದುವವರು ಕಡಿಮೆ. ವಿಧಾನ, ಪ್ರಶ್ನಾವಳಿ, ಮಾದರಿಯ ಗಾತ್ರ ಎಂದೆಲ್ಲ ಇರುವ ಒಣ ಭಾಗ ಅದು. ಅಲ್ಲಿ ಒಂದು ಅಂಕಿ ಮತ್ತೆ ಮತ್ತೆ ಎದುರಾಗುತ್ತದೆ: 384. ಮನಃಶಾಸ್ತ್ರದವರು ಕಾಲೇಜು ಹುಡುಗರ ಆತಂಕ ಅಳೆಯಲಿ, ಕಾನೂನಿನವರು ಗ್ರಾಹಕ ಹಕ್ಕುಗಳ ಅರಿವು ವಿಚಾರಿಸಲಿ, ಹೋಟೆಲ್ ಮ್ಯಾನೇಜ್‌ಮೆಂಟಿನವರು ಗಿರಾಕಿಗಳ ತೃಪ್ತಿ ಕೇಳಲಿ, ಎಲ್ಲರೂ ಬಂದು ನಿಲ್ಲುವುದು ಆ ಸಂಖ್ಯೆಯ ಹತ್ತಿರವೇ. ವೈದ್ಯಕೀಯದವರಲ್ಲಿ ಮಾತ್ರ ಅದು ಆಗಾಗ 400 ಆಗುತ್ತದೆ. ಅವರ ಪಠ್ಯದ ಸೂತ್ರ 1.96ರ ವರ್ಗದ ಬದಲು ಸೀದಾ 4 ಹಾಕಿಕೊಳ್ಳುತ್ತದೆ. ಲೆಕ್ಕ ಸಲೀಸು, ಹದಿನಾರು ಜನ ಜಾಸ್ತಿ.

ಇದೆಂಥ ಸಂಖ್ಯೆ ಎಂದು ತಿಳಿಯಲು ಊರಿನದೇ ಒಂದು ಅಳತೆ ಹಿಡಿಯೋಣ. ದಾವಣಗೆರೆ ಮಂಡಕ್ಕಿಯ ಊರು. ಭಟ್ಟಿಗೆ ಹೋಗುವ ದಪ್ಪಕ್ಕಿಯ ಒಂದು ಕಾಳು ಸುಮಾರು 20 ಮಿಲಿಗ್ರಾಂ ತೂಗುತ್ತದೆ, ಅಂದರೆ ಕಿಲೋಕ್ಕೆ 50 ಸಾವಿರ ಕಾಳು. ಮನುಷ್ಯನಿಗೊಂದು ಕಾಳಿನಂತೆ ಇಟ್ಟರೆ 2011ರ ಜನಗಣತಿಯ ಹರಿಹರ ಪಟ್ಟಣ, 83 ಸಾವಿರ ಚಿಲ್ಲರೆ ಜನ, ಒಂದು ಕಿಲೋ 660 ಗ್ರಾಂ. ದಾವಣಗೆರೆ ನಗರ ಸುಮಾರು 4.35 ಲಕ್ಷ, ಎಂಟು ಕಿಲೋ 700 ಗ್ರಾಂ. ಆಗಿನ್ನೂ ಹರಪನಹಳ್ಳಿ ತಾಲ್ಲೂಕನ್ನು ಒಳಗೊಂಡಿದ್ದ ಇಡೀ ಜಿಲ್ಲೆ 19,45,497 ಜನ, ಮೂವತ್ತೊಂಬತ್ತು ಕಿಲೋ. ಒಬ್ಬ ಹಮಾಲಿ ಹೊತ್ತುಕೊಂಡು ಹೋಗಬಹುದಾದ ಜಿಲ್ಲೆ. ಭಾರತವನ್ನು 140 ಕೋಟಿ ಎಂದುಕೊಂಡರೆ 28 ಟನ್, ದೊಡ್ಡ ಲಾರಿಗಳೇ ಎರಡು ಬೇಕು.

384 ಕಾಳು ಎಂದರೆ ಎಂಟು ಗ್ರಾಂಗೂ ತುಸು ಕಡಿಮೆ. ಅಂಗೈ ಕೂಡ ತುಂಬುವುದಿಲ್ಲ.

ಬೆರಗು ಇರುವುದು ಮುಂದೆ. ಹರಿಹರದ ಒಂದೂಮುಕ್ಕಾಲು ಕಿಲೋ ತಿಳಿಯಬೇಕಾದರೂ ಎಂಟು ಗ್ರಾಂ, ಎರಡು ಲಾರಿಯ ದೇಶ ತಿಳಿಯಬೇಕಾದರೂ ಅದೇ ಎಂಟು ಗ್ರಾಂ. 1970ರಲ್ಲಿ ಕ್ರೆಜ್ಸಿ ಮತ್ತು ಮಾರ್ಗನ್ ಎಂಬ ಇಬ್ಬರು ಒಂದು ಪುಟ್ಟ ಕೋಷ್ಟಕ ಪ್ರಕಟಿಸಿದರು. ಇಂದಿಗೂ ಪ್ರಪಂಚದ ಅರ್ಧ ಪ್ರಬಂಧಗಳು ಅದರ ಅನ್ನ ಉಣ್ಣುತ್ತಿವೆ ಎಂದರೆ ನಾನು ತುಸು ಉತ್ಪ್ರೇಕ್ಷೆ ಮಾಡುತ್ತಿದ್ದೇನೆ, ತುಸು ಮಾತ್ರ. ಅದರಲ್ಲಿ ನೂರು ಜನರ ತರಗತಿಯನ್ನು ತಿಳಿಯಲು 80 ಮಂದಿಯನ್ನು ಕೇಳಬೇಕು. ಸಾವಿರಕ್ಕೆ 278. ಹತ್ತು ಸಾವಿರಕ್ಕೆ 370. ಹತ್ತು ಲಕ್ಷಕ್ಕೆ 384, ಅಲ್ಲಿಗೆ ಮುಗಿಯಿತು, ಮುಂದೆ ಎಷ್ಟು ಕೋಟಿ ಸೇರಿಸಿದರೂ ಅದು ಮೇಲೇಳುವುದಿಲ್ಲ. ಚಿಕ್ಕ ಗುಂಪು ದುಬಾರಿ, ದೊಡ್ಡ ದೇಶ ಅಗ್ಗ! ಸೂತ್ರಕ್ಕೆ ಬೇಕಾದ್ದು ಮೂರೇ ಸಂಗತಿ: ನೂರರಲ್ಲಿ 95 ಸಲ ಲೆಕ್ಕ ಸರಿಯಿದ್ದರೆ ಸಾಕೆಂಬ ಒಪ್ಪಂದ, ಶೇಕಡಾ 5ರಷ್ಟು ಆಚೀಚೆಯಾದರೆ ಪರವಾಗಿಲ್ಲವೆಂಬ ಔದಾರ್ಯ, ಉತ್ತರ ಹೌದು-ಅಲ್ಲಗಳ ನಡುವೆ ಸರಿಯಾಗಿ ಅರ್ಧರ್ಧ ಹಂಚಿದೆ ಎಂಬ ಊಹೆ. ಮೂರನೆಯದಕ್ಕೆ ಅರ್ಧ ಹರಿ, ಅರ್ಧ ಹರನಾದ ಹರಿಹರೇಶ್ವರನೇ ಸಾಕ್ಷಿ ನಿಂತಿದ್ದಾನೆ.

ಆ ಎರಡನೆಯ ಔದಾರ್ಯವನ್ನು ಮಾತ್ರ ಸ್ವಲ್ಪ ಬಿಡಿಸಿ ನೋಡಬೇಕು. ಜಿಲ್ಲೆಯಲ್ಲಿ ನೂರಕ್ಕೆ 40 ಜನಕ್ಕೆ ಯಾವುದೋ ತೊಂದರೆಯಿದೆ ಎಂದು ಪ್ರಬಂಧ ಹೇಳಿದರೆ ನಿಜ 35 ಇರಬಹುದು, 45 ಇರಬಹುದು. ಐದೇ ಅಲ್ಲವೇ ಎನ್ನಬೇಡಿ. ಹತ್ತೊಂಬತ್ತು ಲಕ್ಷದ ಜಿಲ್ಲೆಯಲ್ಲಿ ಶೇಕಡಾ 5 ಎಂದರೆ 97 ಸಾವಿರ ಜನ. ಹರಿಹರ 83 ಸಾವಿರ. ಅಂದರೆ ಪಟ್ಟಣಕ್ಕೆ ಪಟ್ಟಣವೇ, ಹೊಯ್ಸಳರ ಗುಡಿಯ ಬೀದಿಯಿಂದ ತುಂಗಭದ್ರೆಯ ಸೇತುವೆಯವರೆಗಿನ ಎಲ್ಲ ಮನೆಗಳ ಎಲ್ಲ ಜನರೂ, ಒಂದು ಪ್ರಬಂಧದ "ಹೆಚ್ಚುಕಡಿಮೆ" ಎಂಬ ಪದದೊಳಗೆ ಕಾಣೆಯಾಗಬಹುದು, ಇನ್ನೂ ಹದಿನಾಲ್ಕು ಸಾವಿರ ಜನಕ್ಕೆ ಅಲ್ಲಿ ಜಾಗ ಮಿಗುತ್ತದೆ.

ಅಪರೂಪದ ಕಾಯಿಲೆಯ ವಿಷಯ ಬಂದರೆ ಇನ್ನೂ ವಿಚಿತ್ರ. ದಾವಣಗೆರೆ ನಗರದಲ್ಲಿ 384 ಜನರನ್ನು ಪರೀಕ್ಷಿಸಿ ಒಬ್ಬರಲ್ಲೂ ರೋಗ ಕಾಣಲಿಲ್ಲ ಎನ್ನಿ. ಊರಲ್ಲಿ ಆ ರೋಗವೇ ಇಲ್ಲವೆಂದು ಬರೆಯಬಹುದೇ? ರೋಗ ಹೆಚ್ಚೆಂದರೆ ಎಷ್ಟಿರಬಹುದು ಎಂದು ತಿಳಿಯಲು ಸಂಖ್ಯಾಶಾಸ್ತ್ರದವರು ಮೂರನ್ನು ಮಾದರಿಯ ಗಾತ್ರದಿಂದ ಭಾಗಿಸಿ ಎನ್ನುತ್ತಾರೆ. ಮೂರು ಭಾಗಿಸು 384, ಶೇಕಡಾ 0.78. ನಗರದ 4.35 ಲಕ್ಷಕ್ಕೆ ಹಚ್ಚಿದರೆ 3,400 ರೋಗಿಗಳು. ಸೊನ್ನೆ ಎಂದು ಬಂದ ವರದಿಯ ಹಿಂದೆ ಮೂರು ಸಾವಿರದ ನಾನೂರು ಜನ ಕೂತಿರಬಹುದು.

ಆದರೆ ಆರೋಗ್ಯದ ಲೆಕ್ಕದಲ್ಲಿ ಸಣ್ಣ ಅಂಕಿಗಳ ಪ್ರತಾಪ ಬೇರೆಯೇ. ಜಗಳೂರಿನ ಕಡೆಯ ಕೊಳವೆಬಾವಿಗಳ ಫ್ಲೋರೈಡ್ ಈ ಭಾಗದವರಿಗೆ ಹೊಸದಲ್ಲ, ಹಳ್ಳಿ ಮಕ್ಕಳ ಹಲ್ಲಿನ ಕಂದುಗೆರೆಗಳ ಮೇಲೆ ದಾವಣಗೆರೆಯ ದಂತವೈದ್ಯರು ಅಧ್ಯಯನ ಮಾಡಿದ್ದಾರೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಹಾಕಿರುವ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ ಒಂದೂವರೆ. ಲೀಟರಿಗೆ 1 ಮಿಲಿಗ್ರಾಂ ಎಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು. ನಮ್ಮ ಮೂವತ್ತೊಂಬತ್ತು ಕಿಲೋ ಜಿಲ್ಲೆಯಲ್ಲಿ ಎರಡೇ ಕಾಳು. ಆ ಎರಡು ಮೂರಾಗಿ, ನಾಲ್ಕಾಗಿ, ಆರಾದರೆ ಒಂದು ಊರಿನ ಮಕ್ಕಳೆಲ್ಲ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ.

ಮನಸ್ಸಿನ ಲೆಕ್ಕಕ್ಕೆ ಬರೋಣ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. 12 ರಾಜ್ಯ, 39,532 ಜನ; ನಮ್ಮ ಅಳತೆಯಲ್ಲಿ ಮುಕ್ಕಾಲು ಕಿಲೋ ಮೇಲೆ ಒಂದು ಮುಷ್ಟಿ. ಅದರಿಂದ ಇಡೀ ದೇಶದಲ್ಲಿ 15 ಕೋಟಿ ಜನಕ್ಕೆ ಚಿಕಿತ್ಸೆ ಬೇಕು ಎಂಬ ಅಂದಾಜು ಹೊರಟಿತು. ಆ ಹನ್ನೆರಡರಲ್ಲಿ ಕರ್ನಾಟಕ ಇರಲಿಲ್ಲ! ಸಮೀಕ್ಷೆಯ ಮನೆಯೇ ಇಲ್ಲಿ, ಪೂರ್ವತಯಾರಿ ನಡೆದದ್ದೂ ಕೋಲಾರದಲ್ಲಿ, ಆದರೆ ಎಣಿಕೆಗೆ ನಾವು ಸಿಗಲಿಲ್ಲ. ವಯಸ್ಕರಲ್ಲಿ ಶೇಕಡಾ 10.6 ಎಂಬ ಆ ದೇಶದ ಸರಾಸರಿಯನ್ನೇ ದಾವಣಗೆರೆ ಜಿಲ್ಲೆಯ ಸುಮಾರು 13 ಲಕ್ಷ ವಯಸ್ಕರಿಗೆ ಹಚ್ಚಿ: 1.38 ಲಕ್ಷ. ಒಂದೂಮುಕ್ಕಾಲು ಹರಿಹರಕ್ಕೆ ಹತ್ತಿರ. ಲಕ್ಷಕ್ಕೆ 0.75 ಮನೋವೈದ್ಯರು ಎಂಬುದು 2019ರ ಒಂದು ರಾಷ್ಟ್ರೀಯ ಲೆಕ್ಕ. ಆ ಪ್ರಕಾರ ಜಿಲ್ಲೆಯ ಪಾಲಿಗೆ ಬರುವವರು ಹದಿನೈದು ಮಂದಿ. ತಲಾ 9,200 ರೋಗಿಗಳು. ಒಬ್ಬೊಬ್ಬರಿಗೆ ಕಾಲು ಗಂಟೆ ಕೊಟ್ಟು, ದಿನಕ್ಕೆ ಎಂಟು ಗಂಟೆ ಕೂತರೂ ಎಲ್ಲರನ್ನೂ ಒಂದು ಸಲ ಮಾತಾಡಿಸಲು 287 ದಿನ ಬೇಕು. ಗುಳಿಗೆ ಹಿಡಿಯಿತೋ ಇಲ್ಲವೋ ನೋಡಲು ಎರಡನೇ ಸಲ ಕರೆಯುವ ಹೊತ್ತಿಗೆ ಮುಂದಿನ ವರ್ಷ.

ಇಲ್ಲಿ ಒಂದು ಹಳೆಯ ಸಂಗತಿ ನೆನೆಯಬೇಕು. 1985ರಿಂದ 90ರವರೆಗೆ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿತು: ಪ್ರಾಥಮಿಕ ಆರೋಗ್ಯ ಕೇಂದ್ರದ ಮಾಮೂಲಿ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮಾನಸಿಕ ಕಾಯಿಲೆಯ ಔಷಧವನ್ನು ಹಳ್ಳಿ ಹತ್ತಿರಕ್ಕೇ ತಂದಿತು. ಆಗ ಹರಪನಹಳ್ಳಿ ಬಳ್ಳಾರಿಯಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಬಂದು, 2018ರಲ್ಲಿ ವಾಪಸ್ ಹೋಗಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಹೀಗೆ ಊರೂರು ತಿರುಗಿದ ತಾಲ್ಲೂಕನ್ನು ಒಳಗೊಂಡ ಆ ಒಂದೇ ಜಿಲ್ಲೆಯ ಅನುಭವದ ಮೇಲೆ 1996ರಲ್ಲಿ ರಾಷ್ಟ್ರೀಯ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಿಂತಿತು. ಇವತ್ತು ಅದರ ವ್ಯಾಪ್ತಿ 700ಕ್ಕೂ ಹೆಚ್ಚು ಜಿಲ್ಲೆ. ಮಾದರಿಯ ಗಾತ್ರ: ಒಂದು.

ಕಾನೂನಿನವರಿಗೆ ಈ ಒಂದು ಎಂಬ ಸಂಖ್ಯೆ ಹೊಸದಲ್ಲ. ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜೊಂದರಲ್ಲಿ ಸೀಟು ಬಯಸಿದ ಹೊರರಾಜ್ಯದ ಒಬ್ಬ ವಿದ್ಯಾರ್ಥಿನಿಗೆ ವರ್ಷಕ್ಕೆ 60 ಸಾವಿರ ರೂಪಾಯಿ ಶುಲ್ಕ ಕೇಳಲಾಯಿತು. ಸರ್ಕಾರಿ ಸೀಟಿಗೆ ಆಗ 2 ಸಾವಿರ. ಆಕೆ ಸುಪ್ರೀಂ ಕೋರ್ಟಿಗೆ ಹೋದಳು. 1992ರಲ್ಲಿ ಬಂದ ಮೋಹಿನಿ ಜೈನ್ ಪ್ರಕರಣದ ತೀರ್ಪು ಶಿಕ್ಷಣವನ್ನು ಮೂಲಭೂತ ಹಕ್ಕು ಎಂದಿತು. ಮರುವರ್ಷವೇ ಇನ್ನೊಂದು ಪೀಠ ಅದನ್ನು ಹದಿನಾಲ್ಕು ವಯಸ್ಸಿನವರೆಗೆ ಎಂದು ಬಿಗಿಮಾಡಿತು, 2002ರಲ್ಲಿ ಹನ್ನೊಂದು ನ್ಯಾಯಮೂರ್ತಿಗಳು ಕೂತು ಖಾಸಗಿ ಕಾಲೇಜುಗಳ ವಿಷಯವನ್ನು ಮತ್ತೆ ಬಿಡಿಸಿದರು. ಆದರೂ ಒಬ್ಬಳ ಫೀಜಿನ ಜಗಳ ಆಗಿನ 84 ಕೋಟಿ ಜನರ ಹಕ್ಕಿನ ಮಾತಾಯಿತು. 1965ರಿಂದ ಖಾಸಗಿ ವೈದ್ಯಕೀಯ ಕಾಲೇಜು ನಡೆಸುತ್ತಿರುವ ದಾವಣಗೆರೆಯಂಥ ಊರಿಗೆ ಈ ತೀರ್ಪುಗಳು ಬರೀ ಪರೀಕ್ಷೆಗೆ ಓದುವ ಪಾಠವಲ್ಲ, ಪೇಟೆಯ ವ್ಯಾಪಾರದ ಮಟ್ಟ ಬದಲಿಸಬಲ್ಲ ಸಂಗತಿ.

ಹೋಟೆಲಿಗೆ ಬಂದರೆ 384 ಬಹಳ ಸುಲಭವಾಗಿ ಸಿಗುತ್ತದೆ, ತಾಪತ್ರಯವೂ ಅದೇ. ಬೆಣ್ಣೆದೋಸೆ ಹೋಟೆಲಿನ ಬಾಗಿಲಲ್ಲಿ ಭಾನುವಾರ ಬೆಳಿಗ್ಗೆ ಪ್ರಶ್ನಾವಳಿ ಹಿಡಿದು ನಿಂತರೆ ಮಧ್ಯಾಹ್ನದೊಳಗೆ ಕೆಲಸ ಮುಗಿಯುತ್ತದೆ. ಆದರೆ ಒಳಗೆ ಬಂದವರು ದೋಸೆ ಮೆಚ್ಚಿ ಬಂದವರು. ಶುಗರ್ ಬಂದಿದೆ ಎಂದು ಬಿಟ್ಟವರು, ರೇಟು ಏರಿತೆಂದು ಮುಖ ತಿರುಗಿಸಿದವರು, ಹಳಿಯಾಚೆಯ ಭಟ್ಟಿಯಲ್ಲಿ ಕಾದ ಮರಳಿನ ಮುಂದೆ ನಿಂತವರು ಆ ಕ್ಯೂನಲ್ಲಿ ಇರುವುದೇ ಇಲ್ಲ. ಅನ್ನ ಬೆಂದಿದೆಯೋ ನೋಡಲು ಒಂದು ಅಗುಳು ಸಾಕು ಎನ್ನುತ್ತೇವಲ್ಲ, ಅದು ಸಾಕಾಗುವುದು ಪಾತ್ರೆಗೆಲ್ಲ ಒಂದೇ ಉರಿ ಹತ್ತಿರುವುದರಿಂದ. ಊರಿನ ಎಂಸಿಸಿ ಬಿ ಬ್ಲಾಕ್ ಬಡಾವಣೆಗೂ ಆಜಾದ್ ನಗರಕ್ಕೂ ಉರಿ ಒಂದೇ ಅಲ್ಲ.

ಈ ತಪ್ಪಿನ ದೊಡ್ಡಪ್ಪ ಅಮೆರಿಕದವನು. 1936ರಲ್ಲಿ ಲಿಟರರಿ ಡೈಜೆಸ್ಟ್ ಪತ್ರಿಕೆ ಅಧ್ಯಕ್ಷ ಚುನಾವಣೆಗೆ ಮುನ್ನ ಒಂದು ಕೋಟಿ ಜನಕ್ಕೆ ಕಾಗದ ಕಳಿಸಿತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರ ಬಂತು, ನಮ್ಮ ಜಿಲ್ಲೆಯ ಪ್ರತಿಯೊಬ್ಬರೂ ಕೂಸುಗಳ ಸಮೇತ ಬರೆದಿದ್ದರೂ ಅಷ್ಟಾಗುತ್ತಿರಲಿಲ್ಲ. ಲ್ಯಾಂಡನ್ ಗೆಲ್ಲುತ್ತಾನೆ ಎಂದಿತು ಪತ್ರಿಕೆ. ರೂಸ್ವೆಲ್ಟ್ 48 ರಾಜ್ಯಗಳಲ್ಲಿ 46 ಗೆದ್ದ. ವಿಳಾಸಗಳನ್ನು ಫೋನು, ಕಾರು ಇದ್ದವರ ಪಟ್ಟಿಯಿಂದ ಎತ್ತಿದ್ದರು. ಮನಃಶಾಸ್ತ್ರವೂ ಹೀಗೆಯೇ ಬೆಳೆದದ್ದು: ಪ್ರಮುಖ ನಿಯತಕಾಲಿಕೆಗಳ ಅಧ್ಯಯನಗಳಲ್ಲಿ ನೂರಕ್ಕೆ 96 ಜನ ಪಾಶ್ಚಾತ್ಯ ಶ್ರೀಮಂತ ದೇಶಗಳವರು ಎಂದು 2008ರಲ್ಲಿ ಲೆಕ್ಕ ತೆಗೆದರು, ಆ ದೇಶಗಳ ಪಾಲು ಜಗತ್ತಿನ ಜನಸಂಖ್ಯೆಯಲ್ಲಿ ಶೇಕಡಾ 12. ಉಳಿದ 88ಕ್ಕೆ ನಾಲ್ಕು ಕುರ್ಚಿ. ಹೀಗಿರುವಾಗ ಹರಿಹರದ ಒಬ್ಬ ಅಜ್ಜಿಯ ಉತ್ತರ ಜಗತ್ತಿಗೆ ಬಹಳ ಬೆಲೆಯದು. ಆಕೆ ಮಾತ್ರ ಐದು ಆಯ್ಕೆಗಳ ಕಾಗದ ನೋಡಿ, "ನಿಂಗ್ ಯಾವ್ದು ಸರಿ ಕಾಣ್ತತೋ ಅದ್ನೇ ಬರ್ಕಳವ್ವಾ, ಪಾಸಾಗು" ಎಂದು ಚಹಾ ಮಾಡಲು ಏಳುವ ಪೈಕಿ.

ಇನ್ನು ಈ ಊರಿನ ವಿಶೇಷ. ಒಂದೇ ರಸ್ತೆಯಲ್ಲಿ ನಡೆದು ಹೋಗುವ ನಾಲ್ವರು ವಿದ್ಯಾರ್ಥಿಗಳ ಪದವಿ ನಾಲ್ಕು ಊರುಗಳಿಂದ ಬರುತ್ತದೆ. ವೈದ್ಯಕೀಯದವರಿಗೆ 1996ರ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ಬೆಂಗಳೂರು. ಕಾನೂನಿನವರಿಗೆ 2009ರ ರಾಜ್ಯ ಕಾನೂನು ವಿಶ್ವವಿದ್ಯಾಲಯ, ಹುಬ್ಬಳ್ಳಿ. ಬಹುತೇಕ ಎಂಜಿನಿಯರಿಂಗಿನವರಿಗೆ ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾಲಯ. ಉಳಿದ ಬಹುಪಾಲು ಕೋರ್ಸುಗಳಿಗೆ ತೋಳಹುಣಸೆಯ ಶಿವಗಂಗೋತ್ರಿಯಲ್ಲಿರುವ ದಾವಣಗೆರೆ ವಿಶ್ವವಿದ್ಯಾಲಯ. ಅದೂ 1979ರಲ್ಲಿ ಮೈಸೂರಿನ ಸ್ನಾತಕೋತ್ತರ ಕೇಂದ್ರವಾಗಿ ಹುಟ್ಟಿ, 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯದ ಮಡಿಲಿಗೆ ಹೋಗಿ, 2009ರಲ್ಲಿ ಸ್ವಂತ ಮನೆ ಮಾಡಿದ್ದು. ಹೀಗಾಗಿ ಒಂದೇ ಬೀದಿಯ ಒಂದೇ ಮನೆಗೆ ಒಬ್ಬರು ರಕ್ತದೊತ್ತಡ ಕೇಳಲು ಬರುತ್ತಾರೆ, ಇನ್ನೊಬ್ಬರು ನಿದ್ದೆ ಕೇಳಲು, ಮತ್ತೊಬ್ಬರು ಹೋಟೆಲ್ ಊಟ ಕೇಳಲು. ಮೂರು ಪ್ರಬಂಧಗಳೂ ಬೇರೆ ಬೇರೆ ಕಪಾಟುಗಳಿಗೆ ಹೋಗುತ್ತವೆ. ದೇಶದ ಪಿಎಚ್.ಡಿ. ಪ್ರಬಂಧಗಳ ಶೋಧಗಂಗಾ ಭಂಡಾರದಲ್ಲಿ ಈಗ ಐದು ಲಕ್ಷ ದಾಟಿವೆ. ಕಾಳಿನ ಲೆಕ್ಕದಲ್ಲಿ ದಾವಣಗೆರೆ ನಗರಕ್ಕಿಂತ ಭಾರ.

ಶೇಕಡಾ 5ರ ಹೆಚ್ಚುಕಡಿಮೆಯನ್ನು 1ಕ್ಕೆ ಇಳಿಸಬೇಕೆಂದರೆ ಐದು ಪಟ್ಟು ಜನ ಸಾಲದು, ಇಪ್ಪತ್ತೈದು ಪಟ್ಟು ಬೇಕು: 9,604. ಒಬ್ಬನೇ ಹೊರಟರೆ, ಮನೆಗೆ ಇಪ್ಪತ್ತು ನಿಮಿಷದಂತೆ, ನಾನೂರು ದಿನದ ಕೆಲಸ. ಯಾವ ಗೈಡೂ ಒಪ್ಪುವುದಿಲ್ಲ. ಆದರೆ ಇಪ್ಪತ್ತೈದು ವಿದ್ಯಾರ್ಥಿಗಳು ಬೇರೆ ಬೇರೆ ಬಾಗಿಲಲ್ಲಿ ನಿಲ್ಲುವ ಬದಲು, ಮತದಾರರ ಪಟ್ಟಿಯಿಂದ ಚೀಟಿ ಎತ್ತಿ, ಎರಡು ಪುಟದ ಒಂದೇ ಪ್ರಶ್ನಾವಳಿಯಲ್ಲಿ ರಕ್ತದೊತ್ತಡ, ನಿದ್ದೆ, ಊಟ, ಕೋರ್ಟು ಎಲ್ಲವನ್ನೂ ಹಾಕಿಕೊಂಡು, ತಲಾ 384 ಜನರನ್ನು ಕೇಳಿದರೆ? ತಲಾ ಹದಿನಾರು ದಿನ. ದೋಷದ ಅಂಚು 97 ಸಾವಿರದಿಂದ ಹತ್ತೊಂಬತ್ತು ಸಾವಿರಕ್ಕೆ ಇಳಿಯುತ್ತದೆ, ಹರಿಹರ ಮತ್ತೆ ಕಾಣುತ್ತದೆ. ಇಪ್ಪತ್ತೈದು ಸಲ 384, ಒಟ್ಟು 9,600. ನಾಲ್ವರು ಕಡಿಮೆ ಬೀಳುತ್ತಾರೆ; ವಿಶ್ವವಿದ್ಯಾಲಯಕ್ಕೊಬ್ಬರಂತೆ ಹಂಚಿಕೊಳ್ಳಬಹುದು.